ಬಿಟ್ಟ ಭಟ್ಟರು ಮೊದಲ ಪಂಕ್ತಿಯಲ್ಲಿ

ಸ್ನೇಹಿತರೇ, ಇವತ್ತು ಹೆಮ್ಮಾಡಿಯಲ್ಲಿ ತಂಗಿಯ ಮದುವೆ. ಊಟದ ಮೊದಲ ಪಂಕ್ತಿಯಲ್ಲಿ ನೋಡುತ್ತೇನೆ, ನಮ್ಮ ಅಡುಗೆ ಭಟ್ಟರು ತಮ್ಮ ಇಡೀ ತಂಡದ ಜತೆ ಎಲೆ ಮುಂದೆ ಕೂತಿದ್ದಾರೆ. ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಅಡುಗೆ ಅವರದೇ. ಆದರೆ ಬೀಗರು ಬೇರೆ ಕೇಟರಿಂಗ್ ಬೇಕೆಂದು ಹಟ ಹಿಡಿದದ್ದರಿಂದ ಹೋದ ವಾರವಷ್ಟೇ ಅವರನ್ನು ಬಿಟ್ಟಿದ್ದೆವು.

ಅಪ್ಪನನ್ನು ಕೇಳಿದೆ. "ಬ್ಯಾಡ ಅಂದೇಳಿ ಹೇಳುಕೆ ಅವ್ರ್ ಮನಿಗೆ ಹೋದವ, ಮದಿ ಕಾಗ್ದ ಕೊಡ್ದೆ ಬಪ್ಪುದ್ ಹ್ಯಾಂಗೆ? ಎಲ್ಲರೂ ಬರ್ಕ್ ಅಂದೆ" ಎಂದರು.

ಅಷ್ಟರಲ್ಲಿ, ಭಟ್ಟರನ್ನು ಬಿಟ್ಟದ್ದು ಗೊತ್ತಿಲ್ಲದ ಬಿಜೂರಿನ ದೊಡ್ಡಪ್ಪ ಪಂಕ್ತಿಯ ಆ ತುದಿಯಿಂದ ಕೂಗಿದರು. "ಹ್ವಾಯ್ ಭಟ್ರೆ, ಇದೆಂತ ಸಾರ್? ಉಪ್ಪೂ ಇಲ್ಲೆ, ಹುಳಿಯೂ ಇಲ್ಲೆ."

ಬೀಗರೆಲ್ಲ ತಲೆಯೆತ್ತಿದರು. ಭಟ್ಟರು ಅನ್ನ ಕಲಸುತ್ತಲೇ ಹೇಳಿದರು, "ನಾನ್ ಇವತ್ತ್ ಉಂಬುಕೆ ಬಂದದ್ದ್ ಮಾರಾಯ್ರೆ. ಸಾರ್ ಮಾಡ್ದವ್ರ್ ಒಳ್ಗಿದ್ರ್."

ಪಾಯಸ ಎರಡು ಸಲ ಹಾಕಿಸಿಕೊಂಡು, ಕೈ ತೊಳೆದು ಹೊರಡುವಾಗ ನನ್ನ ಬಳಿ ಬಂದರು. "ಮುಂದಿನ್ ಸಲ ಕರೆವಾಗ ಮಾಡುಕಾ ಉಂಬುಕಾ ಅಂದೇಳಿ ಮೊದ್ಲೇ ಹೇಳಿ."

ದೊಡ್ಡಪ್ಪ ಕೂಗಿದ ಕೂಡಲೇ ಉಗ್ರಾಣದ ಒಳಗೆ ಹೋದ ಅಪ್ಪ ಇನ್ನೂ ಹೊರಗೆ ಬಂದಿಲ್ಲ.