ಹನ್ನೊಂದು ದಿನಕ್ಕೊಂದು ಸರದಿ

ಐವತ್ತೊಂದನೇ ವಯಸ್ಸಿನಲ್ಲಿ ಸಿಸ್ಟರಮ್ಮ ಇಂಟರ್ನ್ ಆದಳು. ನಗುವವರು ನಗಲಿ, ಅವಳ ತಮ್ಮನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮೂವತ್ತು ವರ್ಷ ಆಸ್ಪತ್ರೆಯ ಆಯಾ ಆಗಿ ವಾರ್ಡಿನ ನೆಲ, ಬೆಡ್‌ಪ್ಯಾನು, ಕಕ್ಕಸು ತೊಳೆದವಳು ಈಗ ಇಪ್ಪತ್ತೆರಡರ ಹುಡುಗಿಯರ ಪಕ್ಕ ಕೂತು, ನೋಟ್‌ಬುಕ್ಕು ತೆರೆದು ಮಣ್ಣಿನ ಪಾಠ ಬರೆದುಕೊಳ್ಳುತ್ತಾಳೆಂದರೆ ಯಾರಿಗಾದರೂ ನಗು ಬಂದೀತು. ಸಿಸ್ಟರಮ್ಮ ಎನ್ನುವುದೂ ಅಲ್ಲಿ ಜೊತೆಗೆ ಕಲಿಯುವ ಹುಡುಗರು ಇಟ್ಟ ಹೆಸರು. ಆಸ್ಪತ್ರೆಯಿಂದ ಬಂದವಳು ಎಂದು ಕೇಳಿ ನರ್ಸೇ ಇರಬೇಕು ಅಂದುಕೊಂಡರು. ನಾನು ನರ್ಸಲ್ಲ, ಆಯಾ ಎಂದು ಎರಡು ಸಲ ಹೇಳಿ ನೋಡಿದಳು. ಮೂರನೇ ಸಲ ಹೇಳುವಷ್ಟು ತ್ರಾಣ ಇರಲಿಲ್ಲ, ಸುಮ್ಮನಾದಳು.

ಅರ್ಜಿ ತುಂಬಿದ್ದು ಅಕ್ಕನ ಮಗಳು. ಪ್ರಕೃತಿಯ ಜೊತೆ ಹೊಂದಿಕೊಂಡು ಬದುಕುವುದನ್ನು ಕಲಿಸುವ ಕೇಂದ್ರವಂತೆ, ಆರು ತಿಂಗಳು ಊಟ, ಇರಲು ಕೋಣೆ, ವಯಸ್ಸಿನ ಮಿತಿ ಇಲ್ಲ. 'ಇಲ್ಲಿಂದ ಏನನ್ನು ಕಲಿಯಬಯಸುತ್ತೀರಿ?' ಎಂಬ ಪ್ರಶ್ನೆಗೆ ಆ ಹುಡುಗಿ ಮಣ್ಣಿನೊಡನೆ ಸಂಬಂಧ, ಭೂಮಿಯ ಋಣ ಎಂದೆಲ್ಲ ಗೀಚಿದಳು. ಸಿಸ್ಟರಮ್ಮನಿಗೆ ಬೇಕಾಗಿದ್ದದ್ದು ಕೋಣೆ. ಆಸ್ಪತ್ರೆಯವರು ಶುಚಿಯ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರು, ಗುತ್ತಿಗೆದಾರ ನಲವತ್ತು ದಾಟಿದವರನ್ನು ಮನೆಗೆ ಕಳಿಸಿದ್ದ. ಮನೆ ಎಂದರೆ ತಮ್ಮನ ಮನೆ. ಮದುವೆ, ಮಕ್ಕಳು ಅಂತ ಅವಳಿಗೆ ಏನೂ ಕೂಡಿಬಂದಿರಲಿಲ್ಲ. ನಡುಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹಾಸಿಗೆ ಬಿಚ್ಚಬೇಕು, ಎಲ್ಲರೂ ಏಳುವ ಮುಂಚೆ ಸುತ್ತಬೇಕು. ತಮ್ಮನ ಹೆಂಡತಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಕೇಂದ್ರದಲ್ಲಿ ಕೊಟ್ಟ ಕೋಣೆಗೆ ಮಣ್ಣಿನ ಗೋಡೆ, ಒಂದು ಮಂಚ, ಒಂದು ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಮೊದಲ ದಿನ ಆ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆರು ತಿಂಗಳಾದ ಮೇಲೆ ಅಲ್ಲಿರುವ ಹನ್ನೊಂದು ಜನವೂ ಸುತ್ತಲೂ ಕೂತು ಕೈ ಎತ್ತಬೇಕು. ಹನ್ನೊಂದೂ ಎದ್ದರೆ ಇಂಟರ್ನ್ ಅಲ್ಲೇ ಕಾಯಂ ಆಗಿ ಇರಬಹುದು. ಒಂದು ಕೈ ಇಳಿದಿದ್ದರೂ ಗಂಟುಮೂಟೆ ಕಟ್ಟಬೇಕು. ಅವಳೂ ಸೇರಿ ಇಂಟರ್ನುಗಳಿಗೂ ಒಂದೊಂದು ಕೈ, ಅದು ಕೇಂದ್ರದವರ ಹೆಮ್ಮೆ. ಆ ದಿನದಿಂದ ಸಿಸ್ಟರಮ್ಮನ ಜೀವವೆಲ್ಲ ಆ ಹನ್ನೊಂದು ಕೈಗಳ ಮೇಲೆ ನಿಂತಿತು.

ಆ ಜಾಗದಲ್ಲಿ ಅವಳು ಬೆರಗಾದದ್ದು ಸೌರ ಒಲೆಗಲ್ಲ, ಬೀಜದ ಕಣಜಕ್ಕಲ್ಲ. ಬಂದ ಎರಡನೇ ಬೆಳಿಗ್ಗೆ, ಆ ಕೇಂದ್ರ ಕಟ್ಟಿದ ಮೇಷ್ಟ್ರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಪೊರಕೆ ಬಕೆಟ್ಟು ಹಿಡಿದು ಕಕ್ಕಸಿನ ಕಡೆ ನಡೆದದ್ದನ್ನು ಕಂಡಳು. ಓಡಿಹೋಗಿ ಪೊರಕೆಗೆ ಕೈ ಹಾಕಿದಳು.

"ಬಿಡಿ ಸಾರ್, ನಾನಿದೀನಲ್ಲ."

"ಇವತ್ತು ನಂದಮ್ಮ. ನಿಮ್ಮ ಸರದಿ ಗುರುವಾರ. ಹೋಗಿ ಕೂತ್ಕೊಳ್ಳಿ."

ಹನ್ನೊಂದು ಜನ, ಹನ್ನೊಂದು ದಿನ, ದಿನಕ್ಕೊಬ್ಬರು. ಅಡುಗೆಮನೆಯ ಹೊರಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರುಗಳು. ಅವಳು ಕಲ್ಲುಬೆಂಚಿನ ಮೇಲೆ ಕೂತಳು. ಒಬ್ಬ ದೊಡ್ಡ ಮನುಷ್ಯ ಕಕ್ಕಸು ಗುಡಿಸುತ್ತಿರುವಾಗ ತಾನು ಕೂತಿರುವುದು ಹೇಗೆ ಎಂದು ತಿಳಿಯದೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಆಮೇಲೆ ಮೆಲ್ಲಗೆ ಹಿತವಾಯಿತು.

ಅಲ್ಲಿನ ಕಕ್ಕಸಿಗೆ ನೀರು ಹಾಕುವಂತಿಲ್ಲ, ಸೋಪು ಹಾಕುವಂತಿಲ್ಲ. ಕೆಳಗೆ ಗುಂಡಿ, ಗುಂಡಿಯಲ್ಲಿ ಎರೆಹುಳು. ಬಿದ್ದದ್ದನ್ನು ಹುಳುಗಳು ತಿಂದು ಗೊಬ್ಬರ ಮಾಡುತ್ತವೆ, ಮೇಲಿನಿಂದ ಒಂದು ಹಿಡಿ ಮರದ ಹೊಟ್ಟು ಉದುರಿಸಿದರೆ ಆಯಿತು. ಹುಳುಗಳ ಯಜಮಾನ ಒಬ್ಬ ಎಂಜಿನಿಯರು. ಮೂರು ವರ್ಷದಿಂದ ಸಾಕಿದ ಆ ಹುಳುಗಳ ಬಗ್ಗೆ ಬೀಗರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ. ಅವಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ, ಯಾವುದಕ್ಕೆ ಮುನಿಸು ಎಂಬುದೆಲ್ಲ ಅವನ ಬಾಯಲ್ಲಿತ್ತು. ಸಿಸ್ಟರಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಬರೆದುಕೊಂಡದ್ದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ.

ಸರದಿ ಕೈತಪ್ಪಿದ್ದು ಎರಡನೇ ತಿಂಗಳಲ್ಲಿ. ಪಕ್ಕದ ಕೋಣೆಯಲ್ಲೊಬ್ಬಳು ಇಂಟರ್ನ್ ಹುಡುಗಿ ಇದ್ದಳು. ಹಿಡಿ ಗಾತ್ರದವಳು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಸಿಸ್ಟರಮ್ಮನ ಕಾಲು ಊದಿದ ದಿನ ಬಿಸಿನೀರು ತಂದುಕೊಟ್ಟವಳು, ತಲೆಗೆ ಎಣ್ಣೆ ತಿಕ್ಕಿದವಳು. ಅವಳೇ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಳು.

"ಸಿಸ್ಟರಮ್ಮ, ಇವತ್ತು ನನ್ನ ಸರದಿ. ನಿಮಗೆ ಅಭ್ಯಾಸ ಇದೆಯಲ್ಲ, ಇದೊಂದ್ಸಲ ಮಾಡಿಬಿಡ್ತೀರಾ? ನನಗೆ ನೆನೆಸ್ಕೊಂಡ್ರೇ ಹೊಟ್ಟೆ ತೊಳೆಸುತ್ತೆ."

ಇದೊಂದ್ಸಲ ಎನ್ನುವುದು ಎಂದಾದರೂ ಒಂದು ಸಲಕ್ಕೆ ನಿಂತದ್ದುಂಟೇ? ಗುಬ್ಬಿಯ ಹಿಂದೆ ಇನ್ನೊಬ್ಬ ಇಂಟರ್ನ್, ಅವನ ಹಿಂದೆ ಬೆನ್ನುನೋವಿನ ಅಡುಗೆಯವನು, ಕಚೇರಿ ನೋಡಿಕೊಳ್ಳುವ, ಲೆಕ್ಕವಿಲ್ಲದಷ್ಟು ಮೀಟಿಂಗುಗಳಿರುವ ಮೇಡಂ. ಹಲಗೆಯ ಮೇಲೆ ಅವರವರ ಹೆಸರು ಅವರವರ ದಿನದಲ್ಲಿ ಹಾಗೇ ಇರುತ್ತಿತ್ತು, ಪೊರಕೆ ಮಾತ್ರ ಸಿಸ್ಟರಮ್ಮನ ಕೈಯಲ್ಲಿ. ಆಗಲ್ಲ ಅಂದರೆ ಒಂದು ಕೈ ಕಡಿಮೆಯಾದೀತು ಎಂಬ ಭಯ. ಐದನೇ ತಿಂಗಳ ಹೊತ್ತಿಗೆ ವಾರಕ್ಕೆ ಮೂರು ದಿನ ಅವಳೇ ಗುಡಿಸುತ್ತಿದ್ದಳು. ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಣ್ಣಿನ ಪಾಠದಲ್ಲಿ ತೂಕಡಿಸುತ್ತಿದ್ದಳು. ಬೇಸರ ಅಂದರೆ ಯಾರ ಮೇಲೂ ಅಲ್ಲ, ಮೂಳೆಗೇ ಹತ್ತಿದ ಬೇಸರ.

ಆರು ತಿಂಗಳಿಗೆ ಇನ್ನು ಹತ್ತು ದಿನ ಇರುವಾಗ ನಲವತ್ತು ಮಕ್ಕಳು ಕೇಂದ್ರ ನೋಡಲು ಬರುವವರಿದ್ದರು. ಬಡ ಶಾಲೆ, ಅವರ ಟೀಚರು ಒಂದು ವರ್ಷ ಪತ್ರ ಬರೆದು ಬರೆದು ಒಪ್ಪಿಸಿದ್ದರು. ಆ ದಿನದ ಸರದಿ ಗುಬ್ಬಿಯದು. ಮಾಮೂಲಿನಂತೆ ಸಿಸ್ಟರಮ್ಮ ಹೋದಳು. ಹಿಂದಿನ ದಿನದ ಮೋಡಕ್ಕೋ ಏನೋ ಸ್ವಲ್ಪ ವಾಸನೆ ಇತ್ತು. ಮೂವತ್ತು ವರ್ಷದಲ್ಲಿ ಅವಳ ವಾರ್ಡಿಗೆ ಮೂಗು ಮುಚ್ಚಿಕೊಂಡು ಬಂದವರಿಲ್ಲ. ವಾಸನೆ ಬಂದರೆ ಬೈಗುಳ ತಪ್ಪದು, ಬೈಗುಳ ಬಿದ್ದರೆ ಕೈ ಏಳದು, ಇಷ್ಟೇ ತಲೆಯಲ್ಲಿ ಓಡಿದ್ದು. ಪೇಟೆಗೆ ಹೋದಾಗ ಯಾಕೋ ಕೊಂಡು ಮಂಚದ ಕೆಳಗಿಟ್ಟಿದ್ದ ಫಿನಾಯಿಲ್ ತಂದು, ಎರಡು ಬಕೆಟ್ ನೀರಿಗೆ ಬೆರೆಸಿ, ಗುಂಡಿಗೂ ಸುರಿದು ಗಸಗಸ ಉಜ್ಜಿದಳು. ಆಸ್ಪತ್ರೆಯ ವಾಸನೆ ಬಂದಾಗ ಸಮಾಧಾನವಾಯಿತು. ಮಕ್ಕಳು ಬಂದು, ಕುಣಿದು, ಹೋದರು.

ಮೂರನೇ ದಿನ ಹುಳುಗಳು ಮೇಲೆ ಬಂದು ಸತ್ತವು. ನಾಲ್ಕನೇ ದಿನ ನಾತ ಊಟದ ಮನೆಯವರೆಗೂ ಬಂತು. ಎಂಜಿನಿಯರು ಗುಂಡಿಯ ಬಳಿ ಕುಕ್ಕುರುಗಾಲಲ್ಲಿ ಕೂತವನು ಮಧ್ಯಾಹ್ನದವರೆಗೂ ಏಳಲಿಲ್ಲ. ಸಿಸ್ಟರಮ್ಮನಿಗೆ ನೋಟ್‌ಬುಕ್ಕಿನ ಪುಟ ಆಗ ಕಣ್ಣಮುಂದೆ ಬಂತು. ಬಾಯಿ ಬಿಡಲಿಲ್ಲ, ಬಿಡುವುದು ಹೇಗೆ? ಆರೇ ದಿನ ಉಳಿದಿತ್ತು.

ಅವಳ ವಿಷಯಕ್ಕೂ ಹುಳುಗಳ ವಿಷಯಕ್ಕೂ ಸೇರಿಸಿ ಒಂದೇ ಬೆಳಿಗ್ಗೆ ಸಭೆ ಕರೆದರು. ಮರದ ಕೆಳಗೆ ಹನ್ನೊಂದು ಜನ. ಹಲಗೆ ನೋಡಿ ಮೇಷ್ಟ್ರು ಗುಬ್ಬಿಯನ್ನು ಕೇಳಿದರು. ಗುಬ್ಬಿಯ ಮುಖ ಬಿಳಿಚಿತು.

"ನಾನು ಹೊಟ್ಟು ಮಾತ್ರ ಹಾಕಿದ್ದು ಸಾರ್," ಎಂದಳು.

"ಹಾಗಾದ್ರೆ ಆ ಮಕ್ಕಳದ್ದೇ ಕೆಲಸ," ಎಂದ ಎಂಜಿನಿಯರು. "ಏನೋ ತಂದು ಸುರಿದಿದಾರೆ. ಆ ಶಾಲೆಯವರನ್ನ ಇನ್ನು ಒಳಗೆ ಬಿಡೋದು ಬೇಡ."

ತಲೆಗಳು ಹೌದು ಹೌದು ಎಂದವು. ಆ ಮಕ್ಕಳು ಕೈ ತೊಳೆದು ಸಾಲಾಗಿ ಬಂದು, ಹೊಟ್ಟು ಹಾಕಿದ್ದು ಸರಿಯಾಯ್ತಾ ಎಂದು ಅವಳನ್ನೇ ಒಬ್ಬೊಬ್ಬರಾಗಿ ಕೇಳಿ ಹೋಗಿದ್ದರು. ಸಿಸ್ಟರಮ್ಮ ಎದ್ದು ನಿಂತಳು.

"ಫಿನಾಯಿಲ್ ಹಾಕಿದ್ದು ನಾನು. ಅವತ್ತು ಗುಡಿಸಿದ್ದೂ ನಾನೇ. ಮಕ್ಕಳನ್ನ ಬಿಟ್ಟುಬಿಡಿ."

ಅಷ್ಟು ಹೇಳಿ ಕೂತಳು. ಮೇಷ್ಟ್ರು ಹಲಗೆಯನ್ನೂ ಅವಳನ್ನೂ ನೋಡಿದರು. ಕೇಳುತ್ತ ಹೋದಂತೆ ಒಂದೊಂದೇ ಹೊರಬಿತ್ತು, ಯಾರ ಯಾರ ಸರದಿ ಎಷ್ಟೆಷ್ಟು ಸಲ ಎಂದು. ಅಡುಗೆಯವನು ಬೆನ್ನು ಸವರಿಕೊಂಡ. ಎಂಜಿನಿಯರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹುಳು ಮತ್ತೆ ಸಾಕಬಹುದು ಎಂದ. ಮೇಷ್ಟ್ರು, ಒಳ್ಳೆಯ ಮನಸ್ಸಿನಿಂದಲೇ, ಒಂದು ದಾರಿ ಹೇಳಿದರು.

"ತಪ್ಪು ಒಪ್ಕೊಂಡ್ರಲ್ಲ, ಅದೇ ದೊಡ್ಡದು. ನೀವು ಇಲ್ಲೇ ಇರಿ. ಹೇಗಿದ್ರೂ ನಿಮ್ಮಷ್ಟು ಅಚ್ಚುಕಟ್ಟಾಗಿ ಮಾಡೋರು ಇಲ್ಲಿಲ್ಲ. ಹುಳದ ವಿಷಯ ಅವರು ಇನ್ನೊಂದ್ಸಲ ಹೇಳಿಕೊಡ್ತಾರೆ, ಕಕ್ಕಸಿನ ಹೊಣೆ ಪೂರ್ತಿ ನೀವೇ ತಗೊಂಡ್ಬಿಡಿ. ಆ ಸರದಿ ತಾಪತ್ರಯವೇ ಬೇಡ. ಯಾರು ಒಪ್ತೀರಿ?"

ಕೈಗಳು ಎದ್ದವು. ಎಲ್ಲರ ಮುಖದಲ್ಲೂ ಒಂದು ಭಾರ ಇಳಿದ ಗೆಲುವು. ಹತ್ತು ಕೈ. ಹನ್ನೊಂದನೆಯದು ಅವಳದೇ. ಅದನ್ನು ಎತ್ತಿದರೆ ಕೋಣೆ, ಮಂಚ, ಚಿಲಕ, ಎಲ್ಲ ಸಾಯುವವರೆಗೂ ಅವಳದು. ಕೈ ತೊಡೆಯ ಮೇಲೆ ಬಿದ್ದಿತ್ತು, ಏಳಲಿಲ್ಲ.

"ನನಗೂ ನಿಮ್ಮ ಹಾಗೇ ಇರಲಿ ಸಾರ್," ಎಂದಳು. "ಹನ್ನೊಂದು ದಿನಕ್ಕೊಂದು ಸರದಿ. ಅದನ್ನ ಚೆನ್ನಾಗಿ ಮಾಡ್ತೀನಿ. ದಿನಾ ಮಾಡೋಕೆ ಇನ್ನು ನನ್ನ ಕೈಲಾಗಲ್ಲ."

"ನಿಮ್ಮಷ್ಟು ಚೆನ್ನಾಗಿ ಬೇರೆಯವರಿಗೆ ಬರಲ್ಲ ಅಂತ ಹೇಳಿದ್ದಮ್ಮ," ಎಂದರು ಮೀಟಿಂಗಿನ ಮೇಡಂ.

"ಮೂವತ್ತು ವರ್ಷ ಎಲ್ರೂ ಇದನ್ನೇ ಹೇಳಿದ್ರು ಮೇಡಂ."

ಎದ್ದ ಕೈಗಳು ಒಂದೊಂದಾಗಿ ಇಳಿದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಅವರ ಕಿವಿ ಕೆಂಪಾಗಿತ್ತು. "ನಾನು ಕೇಳಿದ್ದೇ ತಪ್ಪು. ಮತ್ತೆ ಕೇಳ್ತೀನಿ," ಎಂದರು. "ಇವರು ನಮ್ಮೆಲ್ಲರ ಹಾಗೆ ಇರ್ತಾರೆ. ಹನ್ನೊಂದು ದಿನಕ್ಕೊಂದು ಸರದಿ, ಇನ್ನು ಯಾರದ್ದೂ ಯಾರೂ ಮಾಡೋ ಹಾಗಿಲ್ಲ." ಹಾಗೆಂದು ತಾವೇ ಮೊದಲು ಕೈ ಎತ್ತಿದರು. ಎಂಜಿನಿಯರು ಎತ್ತಿದ. ಅಡುಗೆಯವನು ಎತ್ತಿದ. ಮೇಡಂ ಸ್ವಲ್ಪ ತಡೆದು ಎತ್ತಿದರು. ಬೇರೆ ಕೈಗಳೂ ಎದ್ದವು, ಸಿಸ್ಟರಮ್ಮನೂ ಎತ್ತಿದಳು. ಹತ್ತಾಯಿತು.

ಗುಬ್ಬಿ ಮಂಡಿ ತಬ್ಬಿಕೊಂಡು ಅಳುತ್ತಿದ್ದಳು. ಕೈ ಮೇಲೆ ಬರಲಿಲ್ಲ.

"ನನಗೆ ಸುಳ್ಳು ಸುಳ್ಳೇ ಕೈ ಎತ್ತೋಕೆ ಆಗಲ್ಲ ಸಾರ್. ಹೂಂ ಅಂದ್ರೆ ನಾನೇ ಮಾಡ್ಬೇಕು. ಒಂದ್ಸಲ ಹೋಗಿದ್ದೆ, ವಾಂತಿ ಬಂತು. ನಿಜವಾಗ್ಲೂ ಆಗಲ್ಲ ನನಗೆ."

ಮೇಷ್ಟ್ರು ಎತ್ತಿದ್ದ ಕೈ ಇಳಿಸಿದರು. ಒಂದು ಕೈ ಏಳದಿದ್ದರೂ ಹೋಗಬೇಕೆಂಬ ನಿಯಮ ಅವರೇ ಮಾಡಿದ್ದು. ಸಿಸ್ಟರಮ್ಮ ನೆಲಕ್ಕೆ ಕೈಯೂರಿ ಎದ್ದು, ಹುಡುಗಿಯ ಬಳಿ ಹೋಗಿ, ತಲೆ ಸವರಿದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

"ಮೊದಲನೇ ದಿನ ನನಗೂ ಬಂತು ಕಣಮ್ಮ," ಎಂದಳು. "ಆಸ್ಪತ್ರೆ ಹಿಂದಿನ ಗೋಡೆ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ದೆ. ಆಗುತ್ತಾ ಆಗಲ್ವಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ, ಅಷ್ಟೇ."

ಹನ್ನೊಂದೂವರೆಗೆ ಒಂದು ಬಸ್ಸಿತ್ತು. ಅವಳು ಬಟ್ಟೆ ಮಡಚಲು ಕೋಣೆಗೆ ಹೋದಳು.