ದೀಪ ಹಚ್ಚುವಾಗ ಕೇಳುವ ಪ್ರಶ್ನೆ

ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಕೂತಿದ್ದೆ. ಪಕ್ಕದಲ್ಲೊಬ್ಬ ಹೊಸ ಹುಡುಗಿ ಹಣ್ಣಿನ ಹೋಳು ಮಗುಚಲು ಬಾರದೆ ಸಿಪ್ಪೆ ಹರಿದುಕೊಳ್ಳುತ್ತಿದ್ದಳು. ಅವಳಾಚೆ ಕೂತಿದ್ದ ಹಿರಿಯಾಕೆ ಕೇಳಿದರು, “ನಿಮ್ದು ಯಾವ ಜನಮ್ಮಾ?”

ಹುಡುಗಿ ಬತ್ತಿಗಳನ್ನು ಚೀಲಕ್ಕೆ ತುಂಬಿ ಎದ್ದೇಬಿಟ್ಟಳು. ನನಗೆ ಮೈ ಉರಿಯಿತು. ಅಮ್ಮನವರೇ ಕೇಳದ್ದನ್ನು ಕೇಳಲು ಇವರು ಯಾರು? ಜಾತಿ ತಿಳಿದು ಇವರಿಗೇನಾಗಬೇಕು?

“ಕೂತ್ಕೋಮ್ಮ. ಯಾರಿಗೋಸ್ಕರ ಹಚ್ತಿದ್ದೀಯ?” ಎಂದೆ.

“ರೂಮ್‌ಮೇಟ್‌ಗೆ ಆಂಟಿ. ನಾಳೆ ಆಪರೇಷನ್. ಅವಳಿಗೆ ಇಲ್ಲಿ ನಾನೊಬ್ಬಳೇ.”

“ಹೆಸರೇನು ಅವಳ್ದು?”

ಹೆಸರು ಹೇಳುವಾಗ ಅವಳ ಕಣ್ಣು ತುಂಬಿತು. ಮಗುಚುವುದು ಹೇಗೆಂದು ತೋರಿಸಿಕೊಟ್ಟೆ. ಆ ಹೆಸರು ಹೇಳಿಕೊಂಡೇ ಇಬ್ಬರೂ ಹಚ್ಚಿದೆವು.

ಅಷ್ಟರಲ್ಲಿ ಹಿರಿಯಾಕೆ ಅವಳತ್ತ ಕೈಚಾಚಿದರು. “ಬೆಂಕಿಪೊಟ್ಟಣ ಕೊಡಮ್ಮ, ನಾನು ಮರೆತುಬಂದೆ.”

ಹುಡುಗಿ ಕೊಟ್ಟಳು. ಕಡ್ಡಿ ಗೀರುವಾಗ ಅದು ಯಾವ ಜನದ್ದು ಅಂತ ಅವರು ಕೇಳಲಿಲ್ಲ.