ಹತ್ತನೆಯ ದಿನದ ಬಾವಿ

ಬೀದರಿನಿಂದ ಮಹಾರಾಷ್ಟ್ರದ ಬಿಡಕಿನ್‌ಗೆ ಬಂದ ವರ್ಷ, ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಹಳೆಯ ಬಾವಿಯಿತ್ತು. ಆ ಬೇಸಿಗೆಯಲ್ಲಿ ಮಗಳಿಗೆ ಸರಳರೇಖೆಯ ಸಮೀಕರಣ ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತಲಿಲ್ಲ. ಕೊನೆಗೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟೆ. ಮೊದಲ ದಿನ ನೀರು ಹನ್ನೆರಡು ಮೊಳ ಕೆಳಗಿತ್ತು, ಮೂರನೆಯ ದಿನ ಹದಿನಾರು.

"ಎರಡು ಬಿಂದು ಸಿಕ್ಕವು. ಈಗ ಗೆರಿ ಎಳಿ," ಎಂದೆ.

ದಿನಕ್ಕೆ ಎರಡು ಮೊಳ ಇಳಿತ. ದಿನ x, ನೀರಿಗಿರುವ ಆಳ y ಎಂದಿಟ್ಟು ಅವಳು y = 2x + 10 ಎಂದು ಬರೆದಳು. ಬಾವಿಯ ಆಳ ಮೂವತ್ತು ಮೊಳ.

"ಮಮ್ಮಿ, ಹತ್ತನೇ ದಿನಕ್ಕ ಬಾವಿ ಖಾಲಿ ಆಗ್ತದ!"

ಮನೆಯೊಡತಿಗೆ ಮರಾಠಿಯಲ್ಲಿ ಹೇಳಿದಾಗ ಅವರು ನಕ್ಕರು. ತಾವು ಸೊಸೆಯಾಗಿ ಬಂದಾಗಿನಿಂದ ಅದು ಬತ್ತಿದ್ದೇ ಇಲ್ಲವಂತೆ.

ಆರನೆಯ ದಿನ ಅಕಾಲದ ಮಳೆ ಹೊಡೆಯಿತು. ಅಂಗಳವೆಲ್ಲ ಕೆರೆಯಾಯಿತು. ಲೆಕ್ಕ ಇನ್ನು ತಪ್ಪಿತು ಎಂದುಕೊಂಡು ಮರುದಿನ ಹಗ್ಗ ಇಳಿಸಿದೆವು. ಸರಿಯಾಗಿ ಇಪ್ಪತ್ನಾಲ್ಕು ಮೊಳ.

"ಮಳಿ ನೀರು ಎಲ್ಲಿಗಿ ಹೋಯ್ತು?" ಮಗಳ ದನಿ ಸಣ್ಣಗಾಗಿತ್ತು.

ಹತ್ತನೆಯ ದಿನ ಬೆಳಿಗ್ಗೆ ಕಲ್ಲು ಒಣ ಬಂಡೆಗೆ ಬಡಿದು ಠಣ್ಣೆಂದಿತು. ಸುತ್ತಲ ಬೋರ್‌ವೆಲ್‌ಗಳು ನೀರೆಳೆದಿರಬೇಕು ಎಂದು ನಮ್ಮವರು ಸಮಾಧಾನ ಹೇಳಿದರು. ಮನೆಯೊಡತಿ ಮಾತ್ರ ನಗಲಿಲ್ಲ. ಬಾವಿಯ ಬಾಯಿಗೆ ತಗಡು ಮುಚ್ಚಿಸಿದರು. ಆಮೇಲೆ ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತು, ಬರೆದದ್ದನ್ನು ಅಳಿಸಿಬಿಡು ಎಂದು ಮೆಲ್ಲಗೆ ಹೇಳಿದರು.

ಮಗಳು ಕಾಗದ ಹರಿಯುವವರೆಗೂ ಉಜ್ಜಿದಳು. ಆ ಮನೆಯಲ್ಲಿದ್ದಷ್ಟು ದಿನ ಅವಳು ಮತ್ತೆ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಹೋಗಲಿಲ್ಲ.